ಅಪ್ಪೆಮಿಡಿಯ ಅಪರೂಪದ ತಳಿಗಳು: ಕಸಿ ಬಲ್ಲ ಕೈಗಳು ಊರಿನಲ್ಲೇ ಇರಬೇಕು



ಮಲೆನಾಡಿನ ಮನೆಗಳಲ್ಲಿ ಉಪ್ಪಿನಕಾಯಿಗೆಂದು ಕೊಯ್ಯುವ ಎಳೆಯ ಮಾವಿಗೆ ಅಪ್ಪೆಮಿಡಿ ಎಂದು ಹೆಸರು. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ಸೊರಬ, ತೀರ್ಥಹಳ್ಳಿ ಹಾಗೂ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು ಇದರ ತವರು. ಶರಾವತಿ, ಅಘನಾಶಿನಿ, ಬೇಡ್ತಿ, ಕಾಳಿ, ವರದಾ ನದಿಗಳ ದಂಡೆಗಳಲ್ಲಿ, ಹಳ್ಳಗಳ ಪಕ್ಕದಲ್ಲಿ, ಬೆಟ್ಟದ ಅಂಚಿನಲ್ಲಿ ತಾನಾಗಿ ಹುಟ್ಟಿ ಬೆಳೆದ ಮರಗಳೇ ಇದರ ಮೂಲ ಆಸ್ತಿ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತು ದಶಕವೇ ಕಳೆದಿದೆ. ಮಿಡಿಯ ಬೇಡಿಕೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಆದರೆ ಮಿಡಿ ಕೊಡುವ ಹಳೆಯ ಮರಗಳು ಕಡಿಮೆಯಾಗುತ್ತಿವೆ.

ಕಸಿಯ ಮೂಲಕ ಈ ತಳಿಗಳನ್ನು ಉಳಿಸಬಹುದೆಂಬುದು ಹೊಸ ವಿಷಯವೇನಲ್ಲ. ಮಾವಿನ ಕಸಿ ವಿಧಾನಗಳು ಸಂಶೋಧನಾ ಕೇಂದ್ರಗಳಲ್ಲೂ ನರ್ಸರಿಗಳಲ್ಲೂ ಚೆನ್ನಾಗಿ ರೂಢಿಯಲ್ಲಿವೆ. ಹೀಗಿದ್ದರೂ ಅಪರೂಪದ ಮರಗಳು ಏಕೆ ಕೈಬಿಟ್ಟು ಹೋಗುತ್ತಿವೆ, ಯಾವ ಮರವನ್ನು ಮೊದಲು ಉಳಿಸಬೇಕು, ಉಳಿಸಿದ್ದನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಶ್ಲೇಷಿಸಲಾಗಿದೆ.

ಮರಗಳು ಕಡಿಮೆಯಾಗಲು ಕಾರಣಗಳು

ಮೊದಲನೆಯ ಕಾರಣ ಕೊಯ್ಲಿನ ಕ್ರಮ. ಎತ್ತರದ ಮರದಿಂದ ಮಿಡಿ ಇಳಿಸುವುದು ಶ್ರಮದ ಹಾಗೂ ಅಪಾಯದ ಕೆಲಸ. ನುರಿತ ಕೊಯ್ಲುಗಾರರು ಸಿಗದಿರುವಾಗ ರೆಂಬೆಗಳನ್ನೇ ಕಡಿದು ಕೆಳಗೆ ಬೀಳಿಸಿ ಮಿಡಿ ಬಿಡಿಸುವ ಪದ್ಧತಿ ಹಲವೆಡೆ ಬೆಳೆದಿದೆ. ಇದರಿಂದ ಮುಂದಿನ ಒಂದೆರಡು ವರ್ಷಗಳ ಫಸಲು ನಷ್ಟವಾಗುತ್ತದೆ. ಕಡಿದ ಗಾಯಗಳ ಮೂಲಕ ಕೊಳೆ ರೋಗಗಳೂ ಕಾಂಡ ಕೊರೆಯುವ ಹುಳುಗಳೂ ಸೇರಿ ಮರ ಕ್ರಮೇಣ ಒಣಗುತ್ತದೆ.

ಎರಡನೆಯ ಕಾರಣವು ಮೇಲ್ನೋಟಕ್ಕೆ ಕಾಣುವುದಿಲ್ಲ. ಮಿಡಿಯೆಂದರೆ ಗೊರಟು ಬಲಿಯುವ ಮೊದಲೇ ಕೊಯ್ದ ಕಾಯಿ. ಮರದ ಮಿಡಿಯೆಲ್ಲವೂ ಕೊಯ್ಲಾದರೆ ಹಣ್ಣಾಗಿ ಉದುರಿ ಮೊಳೆಯುವ ಗೊರಟುಗಳೇ ಉಳಿಯುವುದಿಲ್ಲ. ಹಿಂದೆ ಒಂದಷ್ಟು ಕಾಯಿ ಮರದಲ್ಲೇ ಹಣ್ಣಾಗಿ, ಹೊಳೆಗೆ ಬಿದ್ದು ತೇಲಿ, ಕೆಳದಂಡೆಯಲ್ಲಿ ಹೊಸ ಗಿಡಗಳಾಗುತ್ತಿದ್ದವು. ಮಿಡಿಯ ಬೆಲೆ ಹೆಚ್ಚಿದಷ್ಟೂ ಈ ಸಹಜ ಪುನರುತ್ಪತ್ತಿ ಕುಗ್ಗುತ್ತದೆ. ಹಳೆಯ ಮರ ಬಿದ್ದ ಜಾಗದಲ್ಲಿ ಎಳೆಯ ಮರ ಕಾಣದಿರುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಮೂರನೆಯದು ಭೂಬಳಕೆಯ ಬದಲಾವಣೆ. ರಸ್ತೆ ಅಗಲೀಕರಣ, ಅಡಿಕೆ ತೋಟದ ವಿಸ್ತರಣೆ, ಮೋಪಿಗಾಗಿ ಕಡಿತ ಇವೆಲ್ಲವೂ ಸೇರಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನಿರ್ಮಾಣವಾದಾಗ ಶರಾವತಿ ಕಣಿವೆಯ ಊರುಗಳೊಂದಿಗೆ ನದಿದಂಡೆಯ ಮರಗಳೂ ಮುಳುಗಡೆಯಾದವು. ಇಂದು ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳನ್ನು ಬಳಸಿಕೊಳ್ಳುವ 2000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ಕುರಿತು ಚರ್ಚೆ ನಡೆದಿದೆ. ಬೇಡ್ತಿ ಮತ್ತು ವರದಾ ನದಿಗಳ ಜೋಡಣೆಯ ಪ್ರಸ್ತಾವವೂ ಸುದ್ದಿಯಲ್ಲಿದೆ. ಇಂತಹ ಯೋಜನೆಗಳ ಸಾಧಕ ಬಾಧಕಗಳ ನಿರ್ಣಯವಾಗುವುದು ಬೇರೆ ವೇದಿಕೆಗಳಲ್ಲಿ. ಕೃಷಿಕರ ದೃಷ್ಟಿಯಿಂದ ಹೇಳಬೇಕಾದ ಮಾತು ಇಷ್ಟು: ಯಾವುದೇ ಕಾಮಗಾರಿಗಾಗಿ ಮರ ಬೀಳುವುದಿದ್ದರೆ, ಗರಗಸ ತಲುಪುವ ಮೊದಲು ಕಸಿಗಾರ ತಲುಪಬೇಕು.

ಗೊರಟು ನೆಟ್ಟರೆ ಸಾಲದೇಕೆ?

ಮಾವಿನಲ್ಲಿ ಕೀಟಗಳ ಮೂಲಕ ಪರಕೀಯ ಪರಾಗಸ್ಪರ್ಶ ನಡೆಯುತ್ತದೆ. ಆದ್ದರಿಂದ ಉತ್ತಮ ಅಪ್ಪೆ ಮರದ ಗೊರಟಿನಿಂದ ಬೆಳೆದ ಗಿಡವು ತಾಯಿಮರದ ಗುಣಗಳನ್ನೇ ಹೊಂದಿರುತ್ತದೆಂಬ ಭರವಸೆಯಿಲ್ಲ. ಜೀರಿಗೆಯ ಪರಿಮಳ, ಸೊನೆಯ ಗಾಢತೆ, ತೊಟ್ಟಿನ ಗಟ್ಟಿತನ, ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಮೆತ್ತಗಾಗದೆ ಉಳಿಯುವ ಗುಣ ಇವುಗಳಲ್ಲಿ ಯಾವುದು ಮಗಳಿಗೆ ಬಂದೀತು, ಯಾವುದು ತಪ್ಪೀತು ಎಂಬುದು ಗಿಡ ಕಾಯಿಬಿಟ್ಟ ಮೇಲಷ್ಟೇ ತಿಳಿಯುತ್ತದೆ. ಗೊರಟಿನ ಗಿಡ ಕಾಯಿಬಿಡಲು ಸಾಮಾನ್ಯವಾಗಿ 8 ರಿಂದ 10 ವರ್ಷ ಬೇಕು. ಹತ್ತು ವರ್ಷ ಕಾದ ಮೇಲೆ ಮಿಡಿ ಪರಿಮಳವಿಲ್ಲದ್ದೆಂದು ತಿಳಿಯುವ ವೇಳೆಗೆ ತಾಯಿಮರವೇ ಇಲ್ಲದಿರಬಹುದು.

ಕಸಿ ಗಿಡದಲ್ಲಿ ಈ ಅನಿಶ್ಚಯವಿಲ್ಲ. ತಾಯಿಮರದಿಂದ ತೆಗೆದ ಕುಡಿಯನ್ನು, ಅಂದರೆ ಕಸಿಕಡ್ಡಿಯನ್ನು, ಬೇರುಸಸಿಯ ಮೇಲೆ ಕೂಡಿಸಿದಾಗ ಮೇಲ್ಭಾಗವೆಲ್ಲವೂ ತಾಯಿಮರದ ಮುಂದುವರಿಕೆಯೇ ಆಗಿರುತ್ತದೆ. 4 ಅಥವಾ 5ನೆಯ ವರ್ಷದಿಂದ ಮಿಡಿ ಕೊಯ್ಯಲು ಸಾಧ್ಯ. ಮರವೂ ಗಿಡ್ಡವಾಗಿ ಹರಡುವುದರಿಂದ ರೆಂಬೆ ಕಡಿಯುವ ಪ್ರಸಂಗವೇ ಬರುವುದಿಲ್ಲ.

ಸೈಡರ್ ಸೇಬಿನ ಅನುಭವ ಕಲಿಸುವುದೇನು?

ಇದೇ ಸಮಸ್ಯೆಯನ್ನು ಬೇರೊಂದು ಹಣ್ಣಿನಲ್ಲಿ ಎದುರಿಸಿದವರ ಅನುಭವವು ನಮಗೆ ಉಪಯುಕ್ತವಾಗಿದೆ. ಇಂಗ್ಲೆಂಡಿನ ಪಶ್ಚಿಮ ಭಾಗ, ಫ್ರಾನ್ಸಿನ ನಾರ್ಮಂಡಿ ಹಾಗೂ ಅಮೆರಿಕದ ಪೂರ್ವ ರಾಜ್ಯಗಳಲ್ಲಿ ಸೈಡರ್ ಎಂಬ ಪಾನೀಯಕ್ಕಾಗಿಯೇ ಬೆಳೆಯುತ್ತಿದ್ದ ಸೇಬಿನ ತಳಿಗಳಿವೆ. ಅವುಗಳಲ್ಲಿ ಹಲವು ಒಗರು, ಕಹಿ, ಹುಳಿಯಿಂದ ಕೂಡಿದ್ದು ಹಾಗೆಯೇ ತಿನ್ನಲು ರುಚಿಸುವುದಿಲ್ಲ. ಆದರೆ ಆ ಒಗರೇ ಪಾನೀಯಕ್ಕೆ ಮೈಕಟ್ಟು ನೀಡುತ್ತದೆ. ತಿನ್ನಲು ಯೋಗ್ಯವಾದ ಸೇಬಿನ ಸುಧಾರಣೆಗೆ ಸಿಕ್ಕ ಗಮನ ಇವುಗಳಿಗೆ ಸಿಗಲಿಲ್ಲ. ಅಪ್ಪೆಮಿಡಿಯ ಸ್ಥಿತಿಯೂ ಇಂಥದ್ದೇ. ಹಣ್ಣಾಗಿ ತಿನ್ನುವ ಆಪೂಸು, ಮಲ್ಲಿಕಾ, ತೋತಾಪುರಿಗಳ ಎದುರು ಇದರ ಹಣ್ಣಿಗೆ ಬೆಲೆಯಿಲ್ಲ. ಇದರ ಬೆಲೆಯೆಲ್ಲ ಒಂದೇ ಉಪಯೋಗದಲ್ಲಿ ಅಡಗಿದೆ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಹ್ಯಾರಿಸನ್ ಎಂಬ ಸೈಡರ್ ಸೇಬು 19ನೆಯ ಶತಮಾನದಲ್ಲಿ ಹೆಸರುವಾಸಿಯಾಗಿತ್ತು. ಸೈಡರ್ ಬಳಕೆ ಕುಗ್ಗಿದಂತೆ ಅದರ ತೋಟಗಳೂ ಅಳಿದು, ತಳಿಯೇ ನಾಶವಾಯಿತೆಂದು ಭಾವಿಸಲಾಗಿತ್ತು. 1976ರಲ್ಲಿ ಅದೇ ರಾಜ್ಯದ ಲಿವಿಂಗ್‌ಸ್ಟನ್ ಎಂಬಲ್ಲಿ ಹಳೆಯ ಸೈಡರ್ ಗಾಣವೊಂದರ ಬಳಿ, ಕಡಿಯಲಿದ್ದ ಒಂದು ಮರ ಹ್ಯಾರಿಸನ್ ಎಂದು ಗುರುತಿಸಲ್ಪಟ್ಟು ಅದರಿಂದ ಕಸಿಕಡ್ಡಿ ತೆಗೆಯಲಾಯಿತು. ಆ ಕಡ್ಡಿಗಳು ಒಬ್ಬರ ತೋಟದಲ್ಲೇ ಉಳಿಯದೆ ಹಲವರ ಕೈಸೇರಿದ್ದರಿಂದ ಇಂದು ಹ್ಯಾರಿಸನ್ ಗಿಡ ಅಮೆರಿಕದ ಹಲವು ನರ್ಸರಿಗಳಲ್ಲಿ ಮಾರಾಟಕ್ಕೆ ದೊರೆಯುತ್ತದೆ. ಮರವನ್ನು ಗುರುತಿಸಬಲ್ಲವರು ಸಕಾಲದಲ್ಲಿ ಅಲ್ಲಿದ್ದುದು ಮೊದಲ ಪಾಠವಾದರೆ, ಹಂಚಿಕೆಯೇ ತಳಿಯ ವಿಮೆಯೆಂಬುದು ಎರಡನೆಯ ಪಾಠ.

ಆದರೆ ಸೇಬಿಗೂ ಮಾವಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಸೇಬು ಚಳಿಗಾಲದಲ್ಲಿ ಎಲೆಯುದುರಿಸಿ ವಿಶ್ರಾಂತಿಗೆ ಹೋಗುವ ಮರ. ಆ ಸ್ಥಿತಿಯಲ್ಲಿ ತೆಗೆದ ಕಡ್ಡಿಯನ್ನು ತೇವವಾಗಿ ಸುತ್ತಿ ಶೀತಲ ಪೆಟ್ಟಿಗೆಯಲ್ಲಿಟ್ಟರೆ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ, ಅಂಚೆಯಲ್ಲಿ ದೂರದ ಊರಿಗೂ ಕಳುಹಿಸಬಹುದು. ಮಾವು ನಿತ್ಯಹಸಿರಿನ ಮರ. ಎಚ್ಚರಿಕೆಯಿಂದ ಕಟ್ಟಿದರೂ ಅದರ ಕಡ್ಡಿಯನ್ನು 3 ರಿಂದ 4 ದಿನಗಳೊಳಗೆ ಬಳಸುವುದು ಕ್ಷೇಮ. ಹೀಗಾಗಿ ಮಾವಿನಲ್ಲಿ ತಳಿ ಹಂಚಿಕೆ ಎಂಬುದು ದಿನಗಳ ಲೆಕ್ಕದ ಕೆಲಸ. ಕಸಿ ಕಟ್ಟುವವರು ನೂರಾರು ಕಿಲೋಮೀಟರ್ ದೂರದ ಕೇಂದ್ರದಲ್ಲಿ ಮಾತ್ರವಿದ್ದರೆ, ಸುದ್ದಿ ತಲುಪಿ ಅವರು ಬರುವಷ್ಟರಲ್ಲಿ ಮಳೆಗಾಲದ ಹದವೂ ಮೀರಬಹುದು, ಮರವೂ ಉರುಳಿರಬಹುದು. ಪ್ರತಿ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕನಿಷ್ಠ ಇಬ್ಬರು ಕಸಿ ಬಲ್ಲವರು ಮತ್ತು ಒಂದಿಷ್ಟು ಬೇರುಸಸಿಗಳು ಸಿದ್ಧವಿರಬೇಕೆಂದು ಈ ಲೇಖನ ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಕಸಿಯೂ ವೈವಿಧ್ಯವನ್ನು ಕುಗ್ಗಿಸಬಹುದು

ಮಾರುಕಟ್ಟೆಯ ನರ್ಸರಿಗಳು ಸಹಜವಾಗಿಯೇ ಹೆಸರಾದ ತಳಿಗಳ ಗಿಡಗಳನ್ನೇ ಹೆಚ್ಚು ಕಟ್ಟುತ್ತವೆ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಹಳದೋಟ ಅಪ್ಪೆ ಮುಂತಾದವು ಈಗಾಗಲೇ ಅನೇಕ ತೋಟ ಸೇರಿವೆ. ಇದು ಸಂತೋಷದ ಸಂಗತಿಯೇ. ಆದರೆ ಹೆಸರಾದ ನಾಲ್ಕಾರು ತಳಿಗಳು ಸಾವಿರಗಟ್ಟಲೆ ಗಿಡಗಳಾಗುವಾಗ, ಒಂದೊಂದೇ ಮರವಾಗಿ ಉಳಿದಿರುವ ನೂರಾರು ಬಗೆಗಳು ಯಾರ ಗಮನಕ್ಕೂ ಬಾರದೆ ಹೋಗುತ್ತವೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ನೂರಕ್ಕೂ ಹೆಚ್ಚು ಅಪ್ಪೆಮಿಡಿ ಬಗೆಗಳನ್ನು ಸಂಗ್ರಹಿಸಿ ಕಸಿಯ ಮೂಲಕ ತನ್ನ ತಳಿಸಂಗ್ರಹದಲ್ಲಿ ಬೆಳೆಸಿದೆ. ಆ ಸಂಗ್ರಹ ಅಮೂಲ್ಯವಾದುದು. ಆದರೂ ಒಂದೇ ಕ್ಷೇತ್ರದಲ್ಲಿರುವ ಸಂಗ್ರಹಕ್ಕೆ ರೋಗ, ಬರ, ಬೆಂಕಿಯ ಭಯ ತಪ್ಪಿದ್ದಲ್ಲ. ತಳಿ ಹುಟ್ಟಿದ ಮಣ್ಣಿನಲ್ಲಿ, ಅಲ್ಲಿನ ಮಳೆಯಲ್ಲಿ ಬೆಳೆಯುವ ಪ್ರತಿಗಳೂ ಬೇಕು.

ಕಸಿಯಿಂದ ಹೊಸ ಬಗೆ ಹುಟ್ಟುವುದಿಲ್ಲ, ಇರುವುದು ಮಾತ್ರ ಮುಂದುವರಿಯುತ್ತದೆ. ಇಂದು ನಾವು ಹೆಮ್ಮೆಪಡುವ ಪ್ರತಿಯೊಂದು ಅಪ್ಪೆಯೂ ಎಂದೋ ಹೊಳೆದಂಡೆಯಲ್ಲಿ ಗೊರಟಿನಿಂದ ಹುಟ್ಟಿದ ಗಿಡವೇ. ಆದಕಾರಣ ಪ್ರತಿ ಮರದಲ್ಲಿ ಒಂದು ರೆಂಬೆಯ ಕಾಯಿಯನ್ನಾದರೂ ಹಣ್ಣಾಗಲು ಬಿಡುವುದು, ಬಿದ್ದ ಗೊರಟುಗಳಲ್ಲಿ ಕೆಲವನ್ನು ದಂಡೆಯಲ್ಲೇ ಮಣ್ಣು ಮುಚ್ಚಿ ನಾಟಿ ಮಾಡುವುದು ಕಸಿಯಷ್ಟೇ ಅಗತ್ಯ.

ಯಾವ ಮರಕ್ಕೆ ಆದ್ಯತೆ?

ಎಲ್ಲ ಮರಗಳನ್ನೂ ಒಂದೇ ವರ್ಷದಲ್ಲಿ ಕಸಿ ಮಾಡಲಾಗದು. ಈ ಕೆಳಗಿನ ಲಕ್ಷಣಗಳುಳ್ಳ ಮರಗಳನ್ನು ಮೊದಲು ಆರಿಸಿಕೊಳ್ಳಿರಿ.

1. ಊರಿನಲ್ಲಿ ಆ ಬಗೆಯ ಮರ ಒಂದೇ ಒಂದು ಉಳಿದಿದ್ದು, ವಯಸ್ಸಾಗಿದ್ದರೆ ಅಥವಾ ಬಂದಣಿಕೆ ಹಿಡಿದಿದ್ದರೆ.

2. ರಸ್ತೆ, ಕಾಲುವೆ, ವಿದ್ಯುತ್ ಮಾರ್ಗ ಮುಂತಾದ ಕಾಮಗಾರಿಗಳ ಗುರುತು ಬಿದ್ದಿದ್ದರೆ.

3. ಪ್ರತಿ ವರ್ಷ ತಪ್ಪದೆ ಫಸಲು ಕೊಡುವ, ಬಹು ಬೇಗ ಅಥವಾ ಬಹು ತಡವಾಗಿ ಮಿಡಿಬಿಡುವ ಗುಣವಿದ್ದರೆ.

4. ಮಿಡಿಯು ಉಪ್ಪಿನಲ್ಲಿ ಹಾಕಿಟ್ಟು ಒಂದು ವರ್ಷ ಕಳೆದರೂ ಗಟ್ಟಿಯಾಗಿಯೂ ಪರಿಮಳಯುಕ್ತವಾಗಿಯೂ ಉಳಿಯುತ್ತದೆಂದು ಮನೆಯವರ ಅನುಭವದಿಂದ ತಿಳಿದಿದ್ದರೆ.

ನಾಲ್ಕನೆಯ ಅಂಶವನ್ನು ತೂಗುವಲ್ಲಿ ಮನೆಯ ಹೆಣ್ಣುಮಕ್ಕಳ ಮಾತೇ ಪ್ರಮಾಣ. ಯಾವ ಮರದ ಮಿಡಿ ಎಷ್ಟು ವರ್ಷ ಬಾಳುತ್ತದೆ, ಯಾವುದರ ರಸ ಮಂದವಾಗಿರುತ್ತದೆ, ಯಾವುದು ಬೇಗ ಸುಕ್ಕಾಗುತ್ತದೆ ಎಂಬ ತಿಳಿವಳಿಕೆ ಭರಣಿ ತುಂಬಿ ಕಾದವರಲ್ಲಿರುತ್ತದೆ. ವಿಸ್ತರಣಾ ಕಾರ್ಯಕರ್ತರು ಸಮೀಕ್ಷೆಗೆ ಹೋದಾಗ ಜಮೀನಿನ ಒಡೆಯರನ್ನಷ್ಟೇ ವಿಚಾರಿಸಿ ಹಿಂದಿರುಗಬಾರದು.

ಒಂದು ಎಚ್ಚರಿಕೆ. ಮಿಡಿಯ ಗುಣ ಪರೀಕ್ಷೆಗೆ ಸಿಗುವುದು ಜನವರಿಯಿಂದ ಮಾರ್ಚ್, ಏಪ್ರಿಲ್‌ವರೆಗೆ. ಕಸಿ ಕಟ್ಟುವುದು ಮಳೆಗಾಲದಲ್ಲಿ. ಮಳೆಗಾಲದಲ್ಲಿ ಮಾವಿನ ಮರಗಳೆಲ್ಲ ಒಂದೇ ಬಗೆಯಾಗಿ ಕಾಣುತ್ತವೆ. ಆದ್ದರಿಂದ ಮಿಡಿಗಾಲದಲ್ಲೇ ಮರಕ್ಕೆ ಬಣ್ಣದಿಂದ ಗುರುತು ಮಾಡಿ, ಮೊಬೈಲ್ ಫೋನಿನಲ್ಲಿ ಸ್ಥಳವನ್ನು ದಾಖಲಿಸಿಟ್ಟುಕೊಳ್ಳಬೇಕು. ತಪ್ಪು ಮರದಿಂದ ಕಡ್ಡಿ ತೆಗೆದರೆ ಅದು ತಿಳಿಯುವುದು ನಾಲ್ಕೈದು ವರ್ಷಗಳ ನಂತರ.

ಕಸಿ ಕಟ್ಟುವ ಕ್ರಮ

ಬೇರುಸಸಿ: ಮೇ, ಜೂನ್ ತಿಂಗಳಲ್ಲಿ ಸ್ಥಳೀಯ ಕಾಟುಮಾವಿನ ಅಥವಾ ಅಪ್ಪೆಯ ಹಣ್ಣಿನ ಗೊರಟುಗಳನ್ನು ಸಂಗ್ರಹಿಸಿ. ಮಾವಿನ ಗೊರಟಿನ ಮೊಳೆಯುವ ಶಕ್ತಿ ಕೆಲವೇ ವಾರಗಳಲ್ಲಿ ಕುಂದುವುದರಿಂದ ತಡಮಾಡದೆ ತೊಳೆದು ಬಿತ್ತಬೇಕು. ನೀರಿನಲ್ಲಿ ತೇಲುವ ಗೊರಟುಗಳನ್ನು ತೆಗೆದುಹಾಕಿ. ಮಲೆನಾಡಿನ ಅಧಿಕ ಮಳೆಗೆ ಹೊಂದಿಕೊಂಡ ಸ್ಥಳೀಯ ಗೊರಟೇ ಬೇರುಸಸಿಗೆ ಉತ್ತಮ.

ಕಸಿಕಡ್ಡಿ: 3 ರಿಂದ 4 ತಿಂಗಳು ಬಲಿತ, ಹೂಬಿಡದ, ಪೆನ್ಸಿಲ್ ಗಾತ್ರದ ತುದಿ ಕುಡಿಗಳನ್ನು ಆರಿಸಿ. ಕತ್ತರಿಸುವುದಕ್ಕೆ 8 ರಿಂದ 10 ದಿನ ಮೊದಲು, ಕುಡಿ ಮರದಲ್ಲಿರುವಾಗಲೇ, ತೊಟ್ಟು ಮಾತ್ರ ಉಳಿಸಿ ಎಲೆಗಳನ್ನು ಕತ್ತರಿಸಿ. ಇದರಿಂದ ತುದಿಯ ಮೊಗ್ಗು ಉಬ್ಬಿ, ಕಸಿಯ ನಂತರ ಬೇಗ ಚಿಗುರುತ್ತದೆ. ಅನಂತರ 10 ರಿಂದ 15 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಪಾಲಿಥೀನ್ ಚೀಲದಲ್ಲಿಟ್ಟು ನೆರಳಿನಲ್ಲಿ ಸಾಗಿಸಿ. ಒಣಗುತ್ತಿರುವ, ಶಲ್ಕ ಕೀಟ ಅಥವಾ ರೋಗದ ಚುಕ್ಕೆಗಳಿರುವ ಕಡ್ಡಿ ಬೇಡ. ತಳಿಯೊಂದಿಗೆ ರೋಗವನ್ನೂ ಹಂಚಿದಂತಾಗುತ್ತದೆ.

ಗೊರಟು ಕಸಿ: ಮೊಳೆತು 8 ರಿಂದ 15 ದಿನಗಳಾದ, ಇನ್ನೂ ತಾಮ್ರಗೆಂಪು ಬಣ್ಣದಲ್ಲಿರುವ ಸಸಿಯನ್ನು ಗೊರಟಿನಿಂದ 5 ರಿಂದ 6 ಸೆಂ.ಮೀ. ಮೇಲೆ ಕತ್ತರಿಸಿ, ನಡುವೆ 3 ರಿಂದ 4 ಸೆಂ.ಮೀ. ಆಳಕ್ಕೆ ಸೀಳಿ. ಕಸಿಕಡ್ಡಿಯ ಬುಡವನ್ನು ಎರಡೂ ಬದಿಯಿಂದ ಬೆಣೆಯಾಕಾರಕ್ಕೆ ಕೆತ್ತಿ ಸೀಳಿನಲ್ಲಿ ಕೂಡಿಸಿ. ಎರಡರ ಗಾತ್ರ ಸಮನಾಗಿಲ್ಲದಿದ್ದರೆ ಒಂದು ಬದಿಯ ತೊಗಟೆಯಾದರೂ ಒಂದಕ್ಕೊಂದು ತಾಕಿರಬೇಕು. ಪಾಲಿಥೀನ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೆ ಕಿರಿದಾದ ಪಾಲಿಥೀನ್ ಟೊಪ್ಪಿಗೆ ಹಾಕಿ ನೆರಳಿನಲ್ಲಿಡಿ. ಎರಡು ಮೂರು ವಾರಗಳಲ್ಲಿ ಚಿಗುರು ಕಾಣಿಸಿಕೊಂಡಾಗ ಟೊಪ್ಪಿಗೆ ತೆಗೆಯಿರಿ. ಹಲವು ತಿಂಗಳ ಸಸಿಯ ಎಳೆಯ ಚಿಗುರಿನ ಮೇಲೆ ಇದೇ ರೀತಿ ಕಟ್ಟುವುದಕ್ಕೆ ಮೃದುಕಾಂಡ ಕಸಿ ಎನ್ನುತ್ತಾರೆ.

ಮಲೆನಾಡಿನಲ್ಲಿ ಕಸಿ ವಿಫಲವಾಗಲು ದೊಡ್ಡ ಕಾರಣ ಕೂಡಿಕೆಯ ಭಾಗಕ್ಕೆ ನೀರು ಇಳಿಯುವುದು. ಆದುದರಿಂದ ಜಡಿಮಳೆಯಲ್ಲಿ ಬಯಲಿನಲ್ಲಿ ಕಟ್ಟದೆ, ಚಪ್ಪರ ಅಥವಾ ಪಾಲಿಥೀನ್ ಮಾಡಿನ ಅಡಿಯಲ್ಲಿ ಕಟ್ಟುವುದು ಒಳಿತು. ಕೂಡಿಕೆಯ ಕೆಳಗೆ ಬರುವ ಚಿಗುರುಗಳನ್ನು ಆಗಾಗ ಚಿವುಟಿ ತೆಗೆಯಬೇಕು. ಇಲ್ಲವಾದಲ್ಲಿ ಬೇರುಸಸಿಯೇ ಮೇಲೆ ಬಂದು, ಕಸಿ ಸತ್ತಿದ್ದರೂ ಗಿಡ ಬದುಕಿದೆಯೆಂಬ ಭ್ರಮೆ ಹುಟ್ಟುತ್ತದೆ.

ಮೇಲ್ಕಸಿ: ಜಾಗ ಕಡಿಮೆಯಿರುವ ರೈತರಿಗೆ ಇದು ಉತ್ತಮ ಮಾರ್ಗ. ಹಿತ್ತಲಿನಲ್ಲಿರುವ ಉಪಯೋಗವಿಲ್ಲದ ಮಾವಿನ ಮರದ ರೆಂಬೆಗಳನ್ನು ಹಂತ ಹಂತವಾಗಿ ಸವರಿ, ಬರುವ ಹೊಸ ಚಿಗುರುಗಳಲ್ಲಿ ಬಲವಾದವುಗಳನ್ನು ಉಳಿಸಿ ಅವುಗಳ ಮೇಲೆ ಕಸಿ ಮಾಡಬಹುದು. ಒಂದೇ ಮರದಲ್ಲಿ ನಾಲ್ಕೈದು ಅಪ್ಪೆ ಬಗೆಗಳನ್ನು ಉಳಿಸಿಕೊಳ್ಳಲು ಇದರಿಂದ ಸಾಧ್ಯ. ಆದರೆ ಪ್ರತಿ ರೆಂಬೆಗೂ ಬೇರೆ ಬೇರೆ ಹೆಸರಿನ ಫಲಕ ಕಟ್ಟಬೇಕು. ಜೋರಾಗಿ ಬೆಳೆಯುವ ಬಗೆ ಇತರ ಬಗೆಗಳನ್ನು ಮುಚ್ಚದಂತೆ ಸವರುತ್ತಿರಬೇಕು.

ಹೆಸರಿಲ್ಲದ ಕಸಿ ಅರ್ಧ ಕಳೆದ ತಳಿ

ತಳಿ ಉಳಿಸುವ ಕೆಲಸದಲ್ಲಿ ಬಹಳಷ್ಟು ಶ್ರಮ ವ್ಯರ್ಥವಾಗುವುದು ದಾಖಲೆಯ ಕೊರತೆಯಿಂದ. ಜೀರಿಗೆ ಅಪ್ಪೆ ಎಂಬುದು ಒಂದು ತಳಿಯ ಹೆಸರಲ್ಲ, ಜೀರಿಗೆಯ ಪರಿಮಳವುಳ್ಳ ಅನೇಕ ಮರಗಳ ಗುಂಪಿನ ಹೆಸರು. ಒಂದು ಊರಿನ ಜೀರಿಗೆಗೂ ಇನ್ನೊಂದು ಊರಿನ ಜೀರಿಗೆಗೂ ಗಾತ್ರ, ಆಕಾರ, ಬಾಳಿಕೆಯಲ್ಲಿ ವ್ಯತ್ಯಾಸವಿರುತ್ತದೆ. ಹಿರಿಯರು ದೊಂಬೇಸರ ಜೀರಿಗೆ, ಅಡ್ಡೇರಿ ಜೀರಿಗೆ ಎಂದು ಊರಿನ ಹೆಸರನ್ನು ಸೇರಿಸಿ ಕರೆದದ್ದು ಇದಕ್ಕಾಗಿಯೇ. ನೀವೂ ಹೊಸದಾಗಿ ಗುರುತಿಸಿದ ಮರಕ್ಕೆ ಇದೇ ಪದ್ಧತಿಯಲ್ಲಿ ಹೆಸರಿಡಿ.

ಪ್ರತಿ ತಾಯಿಮರಕ್ಕೆ ಒಂದು ಪುಟದ ದಾಖಲೆ ಸಾಕು: ಸ್ಥಳೀಯ ಹೆಸರು, ಊರು, ಸರ್ವೆ ನಂಬರು, ಜಮೀನು ಖಾಸಗಿಯೋ ಅರಣ್ಯವೋ ಎಂಬುದು, ಮರದ ಅಂದಾಜು ವಯಸ್ಸು ಮತ್ತು ಸುತ್ತಳತೆ, ಮಿಡಿ ಕೊಯ್ಯುವ ತಿಂಗಳು, ಮಿಡಿಯ ಆಕಾರ ಹಾಗೂ ಉದ್ದ, ಸೊನೆ ಮತ್ತು ಪರಿಮಳ, ಉಪ್ಪಿನಲ್ಲಿ ಬಾಳುವ ಅವಧಿ, ಮಾಹಿತಿ ಕೊಟ್ಟವರು, ಕಡ್ಡಿ ತೆಗೆದ ದಿನಾಂಕ, ಕಡ್ಡಿ ಪಡೆದವರು. ಕೊನೆಯ ಅಂಶವನ್ನು ಬಹುತೇಕರು ಬರೆಯುವುದಿಲ್ಲ. ಆದರೆ ತಾಯಿಮರ ಸತ್ತ ದಿನ ತಳಿ ಎಲ್ಲೆಲ್ಲಿ ಜೀವಂತವಾಗಿದೆಯೆಂದು ತಿಳಿಸುವುದು ಆ ಒಂದು ಸಾಲು ಮಾತ್ರ.

ಹಂಚಿಕೆ ಮತ್ತು ಹಕ್ಕು

ಕಸಿಕಡ್ಡಿ ಕೊಟ್ಟರೆ ತಮ್ಮ ಮರದ ಬೆಲೆ ಕುಸಿಯುತ್ತದೆ, ಇನ್ನಾರೋ ಅದನ್ನು ತಮ್ಮದೆಂದು ನೋಂದಾಯಿಸಿಕೊಳ್ಳುತ್ತಾರೆ ಎಂಬ ಆತಂಕ ಕೆಲವು ರೈತರಲ್ಲಿದೆ. ಈ ಆತಂಕ ನಿರಾಧಾರವೇನಲ್ಲ. ಆದ್ದರಿಂದ ಕಾನೂನಿನ ಸ್ಥಿತಿಯನ್ನು ತಿಳಿದಿರುವುದು ಒಳ್ಳೆಯದು.

ಭೌಗೋಳಿಕ ಸೂಚಿಯು ಅಪ್ಪೆಮಿಡಿ ಎಂಬ ಹೆಸರಿಗೆ ರಕ್ಷಣೆ ನೀಡುತ್ತದೆ. ಬೇರೆ ಪ್ರದೇಶದ ಮಿಡಿಯನ್ನು ಆ ಹೆಸರಿನಲ್ಲಿ ಮಾರುವುದನ್ನು ತಡೆಯಲು ಅದು ಸಾಧನ. ಮರವನ್ನಾಗಲಿ ತಳಿಯನ್ನಾಗಲಿ ಅದು ಕಾಯುವುದಿಲ್ಲ. ತಳಿಯ ವಿಷಯಕ್ಕೆ ಅನ್ವಯಿಸುವುದು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ರೈತರು ತಲೆಮಾರುಗಳಿಂದ ತಮ್ಮ ಹೊಲಗಳಲ್ಲಿ ಬೆಳೆಸಿ ಉಳಿಸಿದ ತಳಿಯನ್ನು ರೈತ ತಳಿಯಾಗಿ ನೋಂದಾಯಿಸಲು ಅದರಲ್ಲಿ ಅವಕಾಶವಿದೆ. ಒಬ್ಬ ರೈತರಾಗಲಿ, ರೈತರ ಗುಂಪಾಗಲಿ, ಸಮುದಾಯವಾಗಲಿ ಅರ್ಜಿ ಸಲ್ಲಿಸಬಹುದು. ರೈತ ತಳಿಗೆ ನೋಂದಣಿ ಶುಲ್ಕವಿಲ್ಲ. ಮರ ಜಾತಿಯ ಬೆಳೆಗಳಲ್ಲಿ ರಕ್ಷಣೆಯ ಗರಿಷ್ಠ ಅವಧಿ 18 ವರ್ಷ. ಅದೇ ಕಾಯ್ದೆಯ 39ನೆಯ ಕಲಮು ರೈತರು ತಮ್ಮ ಉತ್ಪನ್ನವನ್ನು, ಬೀಜವೂ ಸೇರಿದಂತೆ, ಉಳಿಸಿಕೊಳ್ಳುವ, ವಿನಿಮಯ ಮಾಡಿಕೊಳ್ಳುವ, ಹಂಚಿಕೊಳ್ಳುವ, ಮಾರುವ ಹಕ್ಕನ್ನು ಕಾದಿರಿಸಿದೆ. ಬ್ರಾಂಡ್ ಹೆಸರಿನಲ್ಲಿ ಮಾರುವುದಕ್ಕೆ ಮಾತ್ರ ಈ ಹಕ್ಕು ಅನ್ವಯಿಸದು.

ಅನೇಕ ತಲೆಮಾರುಗಳಿಂದ ಊರಿಗೆಲ್ಲ ಪರಿಚಿತವಾದ ಮರವನ್ನು ಒಬ್ಬರ ಹೆಸರಿನಲ್ಲಿ ನೋಂದಾಯಿಸಿದರೆ ಮನಸ್ತಾಪಗಳಿಗೆ ದಾರಿಯಾಗುತ್ತದೆ. ಅಂತಹ ಸಂದರ್ಭದಲ್ಲಿ ಸಮುದಾಯದ ಹೆಸರಿನಲ್ಲಿ ಅರ್ಜಿ ಸಲ್ಲಿಸುವುದೇ ಸೂಕ್ತ. ಜೊತೆಗೆ 2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯಿತಿಯಲ್ಲಿರುವ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಜನತಾ ದಾಖಲಾತಿಯಲ್ಲಿ ಮರದ ವಿವರ ಸೇರಿಸಿ. ಹಾಗೆ ಬರೆದಿಟ್ಟ ವಿವರವು ಇನ್ನೊಬ್ಬರು ತಳಿಯ ಮೇಲೆ ಹಕ್ಕು ಸಾಧಿಸಲು ಬಂದಾಗ ಊರಿನ ಪರವಾದ ಸಾಕ್ಷ್ಯವಾಗುತ್ತದೆ. ಅರಣ್ಯ ಭೂಮಿಯಲ್ಲಿರುವ ಮರದಿಂದ ಕಡ್ಡಿ ತೆಗೆಯುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು.

ಹಂಚಿಕೆಯಿಂದ ಮರದ ಒಡೆಯರಿಗೂ ಆದಾಯವಾಗಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಕುಟುಂಬವೊಂದರ ಜಮೀನಿನಲ್ಲಿದ್ದ ಕೆಂಪು ತೊಳೆಯ ಹಲಸಿನ ಮರವನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿ, ಸಿದ್ದು ಹಲಸು ಎಂಬ ಹೆಸರಿನಲ್ಲಿ ಕಸಿ ಗಿಡಗಳನ್ನು ಬೆಳೆಸಿತು. ಗಿಡಗಳ ಮಾರಾಟದ ಆದಾಯದಲ್ಲಿ ಶೇ. 75ರಷ್ಟು ಮರದ ಒಡೆಯರಿಗೆ ಸಲ್ಲುವಂತೆ ಒಪ್ಪಂದವಾಯಿತು. ತಾಯಿಮರವನ್ನು ಕಡಿಯದೆ ಕಾದುಕೊಳ್ಳುವುದರಲ್ಲಿ ಒಡೆಯರಿಗೇ ಲಾಭವಿರುವ ವ್ಯವಸ್ಥೆ ಇದು. ಹೆಸರಾದ ಅಪ್ಪೆ ತಳಿಗಳಿಗೆ ಈ ಮಾದರಿ ಹೊಂದುತ್ತದೆ. ಆದರೆ ಮಾರುಕಟ್ಟೆಯಲ್ಲಿ ಹೆಸರಿಲ್ಲದ ಬಗೆಗಳಿಗೆ ಆದಾಯವನ್ನೇ ನೆಚ್ಚಿ ಕುಳಿತರೆ ಕಾಲ ಮೀರುತ್ತದೆ. ಅವುಗಳಿಗೆ ನೆರೆಹೊರೆಯ ಕೊಡುಕೊಳ್ಳುವಿಕೆಯೇ ಆಧಾರ: ನಿಮ್ಮ ಮರದ ಕಡ್ಡಿಗೆ ಪ್ರತಿಯಾಗಿ ಅವರ ಮರದ ಕಡ್ಡಿ.

ಪ್ರತಿ ಅಪರೂಪದ ತಳಿಯೂ ಕನಿಷ್ಠ ಮೂರು ಸ್ಥಳಗಳಲ್ಲಿರಬೇಕೆಂಬುದನ್ನು ನಿಯಮವಾಗಿ ಇಟ್ಟುಕೊಳ್ಳಿರಿ. ಒಂದು ನಿಮ್ಮ ಜಮೀನಿನಲ್ಲಿ, ಇನ್ನೊಂದು ಬೇರೆ ಊರಿನ ರೈತರಲ್ಲಿ, ಮತ್ತೊಂದು ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಇಲಾಖೆಯ ಕ್ಷೇತ್ರ ಅಥವಾ ಶಾಲೆಯ ಆವರಣದಲ್ಲಿರಲಿ.

ವಿಸ್ತರಣಾ ಕಾರ್ಯಕರ್ತರಿಗೆ ವಾರ್ಷಿಕ ಕಾರ್ಯಸೂಚಿ

ಜನವರಿಯಿಂದ ಮಾರ್ಚ್: ಪಂಚಾಯಿತಿವಾರು ತಾಯಿಮರಗಳ ಪಟ್ಟಿ, ಗುರುತು, ದಾಖಲೆ. ರೆಂಬೆ ಕಡಿಯದೆ ಕೊಯ್ಯುವ ಕುರಿತು ಕೊಯ್ಲುಗಾರರಿಗೆ ತಿಳಿವಳಿಕೆ.

ಏಪ್ರಿಲ್, ಮೇ: ಕಾಮಗಾರಿಗಳಿಂದ ಬೀಳಲಿರುವ ಮರಗಳ ಮಾಹಿತಿಯನ್ನು ಪಂಚಾಯಿತಿ, ಲೋಕೋಪಯೋಗಿ ಹಾಗೂ ಅರಣ್ಯ ಇಲಾಖೆಗಳಿಂದ ಪಡೆದುಕೊಳ್ಳುವುದು. ಗೊರಟು ಸಂಗ್ರಹ.

ಜೂನ್‌ನಿಂದ ಆಗಸ್ಟ್: ಊರಿನಲ್ಲೇ ಕಸಿ ತರಬೇತಿ. ತರಬೇತಿಯಲ್ಲಿ ಪ್ರದರ್ಶನಕ್ಕೆಂದು ಯಾವುದೋ ಗಿಡ ಬಳಸದೆ, ಪಟ್ಟಿಯಲ್ಲಿರುವ ಅಪರೂಪದ ಮರದ ಕಡ್ಡಿಯನ್ನೇ ಬಳಸಿದರೆ ಕಲಿಕೆಯೂ ರಕ್ಷಣೆಯೂ ಒಟ್ಟಿಗೇ ಆಗುತ್ತವೆ. ಕಸಿಯಲ್ಲಿ ಆಸಕ್ತಿಯುಳ್ಳ ಯುವಕ ಯುವತಿಯರನ್ನೂ ಸ್ವಸಹಾಯ ಸಂಘಗಳ ಸದಸ್ಯೆಯರನ್ನೂ ಆರಿಸಿಕೊಳ್ಳಿರಿ.

ಸೆಪ್ಟೆಂಬರ್‌ನಿಂದ ಡಿಸೆಂಬರ್: ಬದುಕಿದ ಗಿಡಗಳ ಎಣಿಕೆ, ಫಲಕ ಪರಿಶೀಲನೆ, ಗಿಡಗಳ ಹಂಚಿಕೆಯ ದಾಖಲೆ, ರೈತ ತಳಿ ನೋಂದಣಿಗೆ ಅರ್ಜಿಗಳ ಸಿದ್ಧತೆ. ಅಳಿವಿನಂಚಿನ ತಳಿಗಳನ್ನು ಉಳಿಸಿದ ಸಮುದಾಯಗಳಿಗೆ ಸಸ್ಯ ತಳಿ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿಗಳ ಪ್ಲಾಂಟ್ ಜೀನೋಮ್ ಸೇವಿಯರ್ ಪ್ರಶಸ್ತಿಯನ್ನು ಸ್ಥಾಪಿಸಿದೆ. ವ್ಯವಸ್ಥಿತ ದಾಖಲೆಯಿರುವ ಊರುಗಳಿಗೆ ಅರ್ಜಿ ಸಲ್ಲಿಸಲು ನೆರವಾಗಿರಿ.

ಉಪಸಂಹಾರ

ಅಪ್ಪೆಮಿಡಿಯ ವೈವಿಧ್ಯವನ್ನು ನಿರ್ಮಿಸಿದ್ದು ನದಿಗಳು, ಆರಿಸಿ ಹೆಸರಿಟ್ಟದ್ದು ಮನೆಗಳು. ಸಂಶೋಧನಾ ಸಂಸ್ಥೆಗಳ ಸಂಗ್ರಹ, ಕಾಯ್ದೆಯ ರಕ್ಷಣೆ, ಭೌಗೋಳಿಕ ಸೂಚಿ ಇವೆಲ್ಲವೂ ಅದಕ್ಕೆ ಬೆಂಬಲವಾಗಬಲ್ಲವು. ಆದರೆ ಕಡ್ಡಿ ಒಣಗುವ ಮುನ್ನ, ಮರ ಬೀಳುವ ಮುನ್ನ ಮಾಡಬೇಕಾದ ಕೆಲಸವನ್ನು ಮಾಡಬಲ್ಲವರು ಮರದ ನೆರಳಿನಲ್ಲೇ ಇರುವವರು. ಈ ಮಿಡಿಗಾಲದಲ್ಲಿ ನಿಮ್ಮ ಊರಿನ ಒಂದು ಅಪರೂಪದ ಮರವನ್ನು ಗುರುತಿಸಿರಿ. ಬರುವ ಮಳೆಗಾಲದಲ್ಲಿ ಅದರ ಐದು ಕಸಿ ಕಟ್ಟಿರಿ. ಎರಡನ್ನು ಇಟ್ಟುಕೊಂಡು ಮೂರನ್ನು ಹೆಸರಿನ ಫಲಕದೊಂದಿಗೆ ಕೊಟ್ಟುಬಿಡಿ. ಬೇರುಸಸಿ, ತರಬೇತಿ ಹಾಗೂ ತಳಿ ನೋಂದಣಿಯ ಮಾಹಿತಿಗಾಗಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ತಾಲ್ಲೂಕು ತೋಟಗಾರಿಕೆ ಕಚೇರಿಯನ್ನಾಗಲಿ ಸಂಪರ್ಕಿಸಿರಿ.